ಪ್ರೋಗ್ರಾಮರ್‌ಗಳ ತಿಂಗಳ ಸಭೆ ಅಂದ್ರೆ ಏನು? ಬಳ್ಳಾರಿ, ಸಿರುಗುಪ್ಪ, ಕುರುಗೋಡಿನವರಿಗೆ ಪೂರ್ತಿ ಮಾಹಿತಿ

ಬಳ್ಳಾರಿ: ಬಿಸಿಎ, ಡಿಪ್ಲೊಮಾ, ಇಂಜಿನಿಯರಿಂಗ್ ಮುಗಿಸಿದ ಜಿಲ್ಲೆಯ ಎಷ್ಟೋ ಹುಡುಗ-ಹುಡುಗಿಯರು ಮೊದಲು ಮಾಡೋ ಕೆಲಸ ಅಂದ್ರೆ ಹಂಪಿ ಎಕ್ಸ್‌ಪ್ರೆಸ್ ಹತ್ತೋದು. ಬೆಂಗಳೂರಿಗೆ ಹೋಗಿ ಪಿಜಿ ಹಿಡಿದು, ಸಾವಿರಾರು ರೂಪಾಯಿ ಫೀಸು ಕಟ್ಟಿ ಕೋರ್ಸ್ ಸೇರ್ತಾರೆ. ಆದರೆ ಅದೇ ಬೆಂಗಳೂರಿನಲ್ಲಿ ಒಂದು ಪೈಸೆ ಫೀಸಿಲ್ಲದೆ, ಸರ್ಟಿಫಿಕೇಟ್‌ನ ಹಂಗಿಲ್ಲದೆ, ಕೆಲಸ ಮಾಡೋ ಪ್ರೋಗ್ರಾಮರ್‌ಗಳೇ ತಿಂಗಳಿಗೊಮ್ಮೆ ಕೂತು ಒಬ್ಬರಿಗೊಬ್ಬರು ಹೇಳಿಕೊಡುವ ಸಭೆಗಳು ನಡೆಯುತ್ತವೆ ಅನ್ನೋದು ಬಹಳ ಜನರಿಗೆ ಗೊತ್ತಿರಲ್ಲ.

ಇಂಥ ಗುಂಪುಗಳಿಗೆ ‘ಯೂಸರ್ ಗ್ರೂಪ್’ ಅಂತಾರೆ. ಕನ್ನಡದಲ್ಲಿ ಬಳಕೆದಾರರ ಬಳಗ ಅನ್ನಬಹುದು. ಇದು ಎಲ್ಲಿಂದ ಬಂತು, ಸಭೆಯಲ್ಲಿ ಏನು ನಡೆಯುತ್ತೆ, ಬಳ್ಳಾರಿ ನಗರ, ಸಿರುಗುಪ್ಪ, ಕುರುಗೋಡಿನಂಥ ಊರಲ್ಲಿ ನಡೆಸಬೇಕಂದ್ರೆ ಏನೇನು ಬೇಕು ಅನ್ನೋ ವಿವರ ಇಲ್ಲಿದೆ.

ಯೂಸರ್ ಗ್ರೂಪ್ ಅಂದ್ರೆ ಏನು?

ಒಂದು ಪ್ರೋಗ್ರಾಮಿಂಗ್ ಭಾಷೆ ಅಥವಾ ಒಂದು ಸಾಫ್ಟ್‌ವೇರ್ ಬಳಸುವವರು ತಾವೇ ಕಟ್ಟಿಕೊಂಡ ಗುಂಪು. ಪೈಥಾನ್ ಬಳಸೋರ ಗುಂಪು, ಜಾವಾ ಬಳಸೋರ ಗುಂಪು, ಲಿನಕ್ಸ್ ಬಳಸೋರ ಗುಂಪು, ಹೀಗೆ. ಇದು ಟ್ಯೂಷನ್ ಅಲ್ಲ, ಕಂಪನಿಯೂ ಅಲ್ಲ. ಮೇಷ್ಟ್ರು ಅಂತ ಯಾರೂ ಇರಲ್ಲ. ಈ ತಿಂಗಳು ಹೇಳಿಕೊಟ್ಟವರು ಮುಂದಿನ ತಿಂಗಳು ಹಿಂದಿನ ಬೆಂಚಲ್ಲಿ ಕೂತು ಕೇಳ್ತಾರೆ.

ಕಾಲೇಜಿನ ಟೆಕ್ ಕ್ಲಬ್‌ಗೂ ಇದಕ್ಕೂ ಒಂದೇ ಮುಖ್ಯ ವ್ಯತ್ಯಾಸ. ಕ್ಲಬ್ ಕಾಲೇಜಿನ ಗೇಟಿನೊಳಗೆ ಇರುತ್ತೆ, ಕೋರ್ಸ್ ಮುಗಿದರೆ ಅದರ ನಂಟೂ ಮುಗೀತು. ಯೂಸರ್ ಗ್ರೂಪಿಗೆ ಗೇಟಿಲ್ಲ. ಡಿಗ್ರಿ ವಿದ್ಯಾರ್ಥಿ, ಮನೆಯಿಂದಲೇ ಕೆಲಸ ಮಾಡೋ ಇಂಜಿನಿಯರ್, ಬಿಲ್ಲಿಂಗ್ ಸಾಫ್ಟ್‌ವೇರ್ ಹಾಕಿಕೊಡುವವರು, ಹೈಸ್ಕೂಲ್ ಗಣಿತ ಮೇಷ್ಟ್ರು, ಎಲ್ಲರೂ ಬರಬಹುದು.

ಎಲ್ಲಿಂದ ಶುರುವಾಯ್ತು?

ಇದು ಕಂಪ್ಯೂಟರಿನಷ್ಟೇ ಹಳೇದು ಅಂದ್ರೂ ತಪ್ಪಿಲ್ಲ. 1955ರಲ್ಲಿ ಅಮೆರಿಕದ ಲಾಸ್ ಏಂಜಲೀಸ್ ಸುತ್ತಮುತ್ತ ಐಬಿಎಂ ಕಂಪನಿಯ 704 ಎಂಬ ಯಂತ್ರ ತಗೊಂಡಿದ್ದವರು ಸೇರಿ ‘ಶೇರ್’ ಅನ್ನೋ ಗುಂಪು ಕಟ್ಟಿದರು. ಎಲ್ಲರೂ ಒಂದೇ ಪ್ರೋಗ್ರಾಮನ್ನು ಬೇರೆ ಬೇರೆಯಾಗಿ ಬರೆಯೋ ಬದಲು, ಬರೆದದ್ದನ್ನು ಹಂಚಿಕೊಳ್ಳೋಣ ಅನ್ನೋದು ಉದ್ದೇಶ. ಹೆಸರಿನ ಅರ್ಥವೇ ‘ಹಂಚಿಕೋ’ ಅಂತ.

ಇನ್ನೊಂದು ಹೆಸರುವಾಸಿ ಗುಂಪು ‘ಹೋಂಬ್ರೂ ಕಂಪ್ಯೂಟರ್ ಕ್ಲಬ್’. 1975ರ ಮಾರ್ಚ್ 5ರಂದು ಕ್ಯಾಲಿಫೋರ್ನಿಯಾದ ಮೆನ್ಲೊ ಪಾರ್ಕ್‌ನಲ್ಲಿ ಒಬ್ಬರ ಮನೆಯ ಗ್ಯಾರೇಜಿನಲ್ಲಿ ಮೊದಲ ಸಭೆ ನಡೆಯಿತು. ಅಲ್ಲಿಗೆ ಬರುತ್ತಿದ್ದ ಸ್ಟೀವ್ ವೋಜ್ನಿಯಾಕ್ ಮುಂದೆ ಆಪಲ್-1 ಕಂಪ್ಯೂಟರನ್ನು ಇದೇ ಕ್ಲಬ್ಬಿನವರಿಗೆ ತೋರಿಸಿದರು. ಆ ಸಭೆಗಳಲ್ಲಿ ಎರಡು ಭಾಗ ಇರುತ್ತಿದ್ದವು. ಮೊದಲು ಎಲ್ಲರೂ ಕೂತು, ಯಾರ ಹತ್ತಿರ ಏನಿದೆ, ಯಾರಿಗೆ ಏನು ಬೇಕು ಅಂತ ಹೇಳೋದು. ಆಮೇಲೆ ಎದ್ದು ತಮಗೆ ಬೇಕಾದವರ ಹತ್ತಿರ ಹೋಗಿ ಮಾತಾಡೋದು. ಇವತ್ತಿಗೂ ಚೆನ್ನಾಗಿ ನಡೆಯೋ ಸಭೆಗಳಲ್ಲಿ ಈ ಪದ್ಧತಿಯ ನೆರಳು ಕಾಣುತ್ತೆ.

ಕರ್ನಾಟಕದಲ್ಲಿ ಯಾರು ನಡೆಸ್ತಾ ಇದ್ದಾರೆ?

1990ರ ದಶಕದ ಕೊನೆಯ ಹೊತ್ತಿಗೆ ಬೆಂಗಳೂರಿನಲ್ಲಿ ಲಿನಕ್ಸ್ ಬಳಕೆದಾರರ ಗುಂಪು ಸಭೆ ಸೇರುತ್ತಿತ್ತು. ಅತುಲ್ ಚಿಟ್ನಿಸ್ (1962–2013) ಮತ್ತು ಗೆಳೆಯರ ಮುಂದಾಳತ್ವದಲ್ಲಿ 2001ರಲ್ಲಿ ‘ಲಿನಕ್ಸ್ ಬೆಂಗಳೂರು’ ಸಮ್ಮೇಳನ ಶುರುವಾಗಿ, 2005ರಲ್ಲಿ ‘ಫಾಸ್ ಡಾಟ್ ಇನ್’ ಅಂತ ಹೆಸರು ಬದಲಾಯಿಸಿಕೊಂಡಿತು. 2012ರವರೆಗೂ ಅದು ನಡೆಯಿತು.

ಪೈಥಾನ್ ಭಾಷೆಯವರದು ‘ಬ್ಯಾಂಗ್‌ಪೈಪರ್ಸ್’. ದೇಶದ ಮೊದಲ ಪೈಕಾನ್ ಇಂಡಿಯಾ ಸಮ್ಮೇಳನ 2009ರ ಸೆಪ್ಟೆಂಬರ್‌ನಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ನಡೆದಾಗ ಮುಂದೆ ನಿಂತವರಲ್ಲಿ ಈ ಗುಂಪಿನ ಸ್ವಯಂಸೇವಕರೇ ಇದ್ದರು. ತಿಂಗಳ ಸಭೆಗೆ ಯಾವುದಾದರೂ ಕಂಪನಿ ಶನಿವಾರ ತನ್ನ ಕಚೇರಿಯ ಹಾಲ್ ಬಿಟ್ಟುಕೊಡುತ್ತೆ. ಮೊದಲೇ ಹೆಸರು ಕೊಟ್ಟು ಹೋಗಬೇಕು, ಅಷ್ಟೇ.

ಕಾಲೇಜುಗಳ ಮಟ್ಟದಲ್ಲಿ ‘ಫ್ರೀ ಸಾಫ್ಟ್‌ವೇರ್ ಮೂವ್‌ಮೆಂಟ್ ಕರ್ನಾಟಕ’ ಸಂಘಟನೆ ಇಂಜಿನಿಯರಿಂಗ್ ವಿದ್ಯಾರ್ಥಿಗಳ ನಡುವೆ ಲಿನಕ್ಸ್ ಬಳಕೆದಾರರ ಗುಂಪುಗಳನ್ನು ಕಟ್ಟಿದೆ, ರಜೆಯಲ್ಲಿ ಶಿಬಿರ ನಡೆಸಿದೆ. ಬೆಂಗಳೂರಿನ ಒಂದು ಕೊಳೆಗೇರಿಯಲ್ಲಿ ಅಂಬೇಡ್ಕರ್ ಹೆಸರಿನ ಸಮುದಾಯ ಕಂಪ್ಯೂಟರ್ ಕೇಂದ್ರಕ್ಕೆ ಇದರ ಕಾರ್ಯಕರ್ತರು ಕೈಜೋಡಿಸಿ, ಅಲ್ಲಿನ ಮಕ್ಕಳಿಗೆ ಹಳೇ ಕಂಪ್ಯೂಟರುಗಳಲ್ಲೇ ಕಲಿಸಿದ್ದಾರೆ. ಇತ್ತೀಚಿನ ವರ್ಷಗಳಲ್ಲಿ ‘ಫಾಸ್ ಯುನೈಟೆಡ್’ ಸಂಸ್ಥೆ ಬೇರೆ ಬೇರೆ ನಗರಗಳಲ್ಲಿ ಸಭೆಗಳಿಗೆ, ಕಾಲೇಜು ಕ್ಲಬ್‌ಗಳಿಗೆ ಬೆಂಬಲ ಕೊಡುತ್ತಿದೆ.

ಕನ್ನಡದ ಕೆಲಸಕ್ಕೂ ಇಂಥ ಬಳಗಗಳೇ ಬೆನ್ನೆಲುಬು. ವಚನಗಳನ್ನು ಪದ ಹಾಕಿ ಹುಡುಕಲು ಅನುವು ಮಾಡಿಕೊಟ್ಟ ‘ವಚನ ಸಂಚಯ’ ಸ್ವಯಂಸೇವಕರು ಬಿಡುವಿನ ವೇಳೆಯಲ್ಲಿ ಮಾಡಿದ್ದು. ಆ ತಂಡದಲ್ಲಿದ್ದ ಲೇಖಕ ವಸುಧೇಂದ್ರ ಬಳ್ಳಾರಿ ಜಿಲ್ಲೆಯ ಸಂಡೂರಿನವರು, ಸಾಫ್ಟ್‌ವೇರ್ ವೃತ್ತಿಯಲ್ಲಿದ್ದವರು.

ಒಂದು ಸಭೆ ಹೇಗೆ ನಡೆಯುತ್ತೆ?

ಎಲ್ಲ ಕಡೆ ಸ್ವಲ್ಪ ಹೆಚ್ಚುಕಡಿಮೆ ಇದೇ ಕ್ರಮ. ಎರಡೂವರೆ ಗಂಟೆಯ ಸಭೆಯಾದರೆ ಹೀಗಿರುತ್ತೆ:

- ಮೊದಲ 15 ನಿಮಿಷ: ಪರಿಚಯ. ಹೆಸರು, ಊರು, ಈಗ ಏನು ಕಲೀತಾ ಇದ್ದೀರಿ ಅಂತ ಒಂದೊಂದೇ ಮಾತು.
- ಮುಂದಿನ 40 ನಿಮಿಷ: ಮುಖ್ಯ ವಿಷಯ. ಒಬ್ಬರು ಪರದೆ ಮೇಲೆ ಕೋಡ್ ಓಡಿಸಿ ತೋರಿಸ್ತಾರೆ.
- 15 ನಿಮಿಷ: ಪ್ರಶ್ನೆ, ಚರ್ಚೆ.
- 20 ನಿಮಿಷ: ಚಹಾ. ಬಳ್ಳಾರಿ ಕಡೆ ಆದ್ರೆ ಒಗ್ಗರಣಿ-ಮಿರ್ಚಿ.
- 20 ನಿಮಿಷ: ಐದೈದು ನಿಮಿಷದ ನಾಲ್ಕು ಮಾತು. ಹೊಸಬರಿಗೆ ಮೈಕ್ ಹಿಡಿಯೋ ಭಯ ಹೋಗೋದು ಇಲ್ಲೇ.
- ಉಳಿದ 40 ನಿಮಿಷ: ಸಹಾಯದ ಮೇಜು. ಓಡದೆ ನಿಂತಿರೋ ಪ್ರೋಗ್ರಾಮ್ ತಂದು ಗೊತ್ತಿರೋರ ಪಕ್ಕ ಕೂತು ಸರಿಮಾಡಿಸಿಕೊಳ್ಳೋದು.

ಇದರಲ್ಲಿ ಹೆಚ್ಚು ಬೆಲೆಬಾಳೋದು ಕೊನೆಯ ಭಾಗ. ಭಾಷಣ ಮೊಬೈಲ್‌ನಲ್ಲೂ ಸಿಗುತ್ತೆ. ತನ್ನ ಕೋಡಿನ 14ನೇ ಸಾಲಲ್ಲಿ ಏನು ತಪ್ಪಿದೆ ಅಂತ ಪಕ್ಕದಲ್ಲಿ ಕೂತು ತೋರಿಸೋರು ಸಿಗೋದು ಕಷ್ಟ.

ಒಂದು ಮಾದರಿ ವಿಷಯ: ‘ಬಳ್ಳಾರಿ’ ಅಂದ್ರೆ ಎಷ್ಟು ಅಕ್ಷರ?

ಸಭೆಗೆ ಎಂಥ ವಿಷಯ ತಗೋಬಹುದು ಅನ್ನೋದಕ್ಕೆ ಇದೊಂದು ಉದಾಹರಣೆ. ಇದಕ್ಕೆ ಬೇಕಾಗೋದು ಪೈಥಾನ್ ಇರೋ ಒಂದು ಕಂಪ್ಯೂಟರ್ ಮಾತ್ರ.

‘ಬಳ್ಳಾರಿ’ ಅನ್ನೋದು ಕಣ್ಣಿಗೆ ಮೂರು ಅಕ್ಷರ: ಬ, ಳ್ಳಾ, ರಿ. ಆದರೆ ಪೈಥಾನಿಗೆ ಉದ್ದ ಎಷ್ಟು ಅಂತ ಕೇಳಿದ್ರೆ 7 ಅನ್ನುತ್ತೆ. ಯಾಕಂದ್ರೆ ಯುನಿಕೋಡ್‌ನಲ್ಲಿ ಬ, ಳ, ಅರ್ಧಾಕ್ಷರದ ಚಿಹ್ನೆ, ಮತ್ತೊಂದು ಳ, ಆ-ಕಾರ, ರ, ಇ-ಕಾರ ಅಂತ ಏಳು ಬೇರೆ ಬೇರೆ ಸಂಕೇತಗಳಿವೆ. ‘ಸಿರುಗುಪ್ಪ’ ನಾಲ್ಕು ಅಕ್ಷರ, ಯಂತ್ರಕ್ಕೆ 9. ‘ಕುರುಗೋಡು’ ನಾಲ್ಕು ಅಕ್ಷರ, ಯಂತ್ರಕ್ಕೆ 8. ಯುಟಿಎಫ್-8 ರೀತಿಯಲ್ಲಿ ಉಳಿಸಿದರೆ ಒಂದೊಂದು ಸಂಕೇತಕ್ಕೆ 3 ಬೈಟ್. ಅಲ್ಲಿಗೆ ‘ಬಳ್ಳಾರಿ’ಗೆ 21 ಬೈಟ್ ಜಾಗ ಬೇಕು.

ಇದು ಬರೀ ತಮಾಷೆ ಲೆಕ್ಕ ಅಲ್ಲ. ಫಾರಂನಲ್ಲಿ ಹೆಸರಿಗೆ 20 ಸಂಕೇತ ಮಾತ್ರ ಅಂತ ಮಿತಿ ಹಾಕಿದರೆ ಕನ್ನಡದ ಉದ್ದನೆಯ ಹೆಸರು ಅರ್ಧಕ್ಕೆ ಕತ್ತರಿಸಿಹೋಗುತ್ತೆ.

ಇನ್ನೊಂದು ಸಮಸ್ಯೆ ಅಕಾರಾದಿ ಕ್ರಮದ್ದು. ಕನ್ನಡ ವರ್ಣಮಾಲೆಯಲ್ಲಿ ‘ಳ’ ಕೊನೆಗೆ, ‘ಹ’ ಆದ ಮೇಲೆ ಬರುತ್ತೆ. ಯುನಿಕೋಡ್ ಪಟ್ಟಿಯಲ್ಲಿ ‘ಲ’ ಆದ ತಕ್ಷಣ ‘ಳ’ ಇದೆ. ಹಾಗಾಗಿ ಸುಮ್ಮನೆ ಸಾರ್ಟ್ ಮಾಡಿದರೆ ‘ಬಳ್ಳಾರಿ’ ಮೊದಲು ಬಂದು ‘ಬಸವ’ ಆಮೇಲೆ ಬರುತ್ತೆ. ನಿಘಂಟಿನ ಕ್ರಮ ಇದಕ್ಕೆ ಉಲ್ಟಾ. ಮತದಾರರ ಪಟ್ಟಿಯಾಗಲಿ, ಗ್ರಂಥಾಲಯದ ಪುಸ್ತಕದ ಪಟ್ಟಿಯಾಗಲಿ, ಇದನ್ನು ಸರಿ ಮಾಡೋಕೆ ಪ್ರೋಗ್ರಾಮರ್ ಬೇಕೇ ಬೇಕು. ಅದೂ ಕನ್ನಡ ಓದಲು ಬರೋ ಪ್ರೋಗ್ರಾಮರ್.

ಊರಿನ ಹೆಸರೂ ಒಂದು ಪಾಠವೇ. 2014ರ ನವೆಂಬರ್ 1ರಿಂದ ಬಳ್ಳಾರಿಯ ಇಂಗ್ಲಿಷ್ ಕಾಗುಣಿತ ಬದಲಾಯ್ತು. 2021ರಲ್ಲಿ ಹೊಸಪೇಟೆ ಸೇರಿ ಪಶ್ಚಿಮದ ತಾಲ್ಲೂಕುಗಳು ವಿಜಯನಗರ ಜಿಲ್ಲೆಯಾದವು. ಬಳ್ಳಾರಿಗೆ ಉಳಿದಿದ್ದು ಬಳ್ಳಾರಿ, ಸಿರುಗುಪ್ಪ, ಕುರುಗೋಡು, ಕಂಪ್ಲಿ, ಸಂಡೂರು. ಹಳೇ ವಿಳಾಸದ ಪಟ್ಟಿ ಇಟ್ಟುಕೊಂಡ ಯಾವ ಸಾಫ್ಟ್‌ವೇರಿಗೂ ಇದು ತಲೆನೋವೇ.

ಜಿಲ್ಲೆಯ ಕೆಲಸಕ್ಕೆ ಜಿಲ್ಲೆಯ ಕೋಡ್

ಬೆಂಗಳೂರಿನ ಸಭೆಯ ವಿಷಯಗಳನ್ನೇ ಇಲ್ಲೂ ಹಾಕಬೇಕು ಅಂತೇನಿಲ್ಲ. ಸುತ್ತಮುತ್ತ ಇರೋ ಕೆಲಸದಿಂದಲೇ ಒಳ್ಳೆ ಅಭ್ಯಾಸ ಸಿಗುತ್ತೆ.

*ಡ್ಯಾಂ ನೀರಿನ ಲೆಕ್ಕ.* ಕುರುಗೋಡು, ಸಿರುಗುಪ್ಪ ಭಾಗದ ಭತ್ತ, ಮೆಣಸಿನಕಾಯಿ ಬೆಳೆಗಾರರ ಕಣ್ಣು ಯಾವಾಗಲೂ ತುಂಗಭದ್ರಾ ಜಲಾಶಯದ ಮೇಲೆ. 33 ಗೇಟಿನ ಈ ಡ್ಯಾಂನ 19ನೇ ಗೇಟು 2024ರ ಆಗಸ್ಟ್ 10ರ ರಾತ್ರಿ ಕೊಚ್ಚಿಹೋದಾಗ ಎಲ್ಲರೂ ಒಳಹರಿವು, ಹೊರಹರಿವಿನ ಅಂಕಿ ಹಿಡಿದು ಕೂತಿದ್ದರು. ಕ್ಯೂಸೆಕ್ ಅಂದ್ರೆ ಸೆಕೆಂಡಿಗೆ ಒಂದು ಘನ ಅಡಿ. ದಿನಕ್ಕೆ 86,400 ಸೆಕೆಂಡು. ಒಂದು ಟಿಎಂಸಿ ಅಂದ್ರೆ 100 ಕೋಟಿ ಘನ ಅಡಿ. ಅಂದ್ರೆ ಸುಮಾರು 11,574 ಕ್ಯೂಸೆಕ್ ನೀರು ಒಂದು ಇಡೀ ದಿನ ಹರಿದರೆ 1 ಟಿಎಂಸಿ. ದಿನದ ಅಂಕಿ ಕೊಟ್ಟರೆ ಎಷ್ಟು ಟಿಎಂಸಿ ಬಂತು, ಎಷ್ಟು ಹೋಯ್ತು ಅಂತ ಹೇಳೋ ಪ್ರೋಗ್ರಾಮ್ ಹತ್ತು ಸಾಲು. ಹೊಸಬರ ಮೊದಲ ಪ್ರೋಗ್ರಾಮಿಗೆ ಇದಕ್ಕಿಂತ ಒಳ್ಳೆ ಲೆಕ್ಕ ಬೇಕಾ?

*ಜೀನ್ಸ್ ಘಟಕದ ಪೀಸ್ ಲೆಕ್ಕ.* ಬಳ್ಳಾರಿ ನಗರದಲ್ಲಿ ಜೀನ್ಸ್ ಹೊಲಿಗೆ ಹೆಚ್ಚಾಗಿ ಜಾಬ್ ವರ್ಕ್ ಮೇಲೆ ನಡೆಯುತ್ತೆ. ಎಷ್ಟು ಪೀಸ್ ಕಟಿಂಗ್ ಆಯ್ತು, ಹೊಲಿಗೆಗೆ ಯಾರಿಗೆ ಎಷ್ಟು ಹೋಯ್ತು, ವಾಷಿಂಗ್‌ನಿಂದ ಎಷ್ಟು ವಾಪಸ್ ಬಂತು ಅನ್ನೋದನ್ನ ನೋಟ್‌ಬುಕ್ಕಿನಲ್ಲಿ ಬರೆದಿಡೋರಿದ್ದಾರೆ. ವಾರದ ಬಟವಾಡೆ ದಿನ ಲೆಕ್ಕ ತಾಳೆಯಾಗದಿದ್ದರೆ ಜಗಳ ಶುರು. ಈ ನೋಟ್‌ಬುಕ್ಕನ್ನು ಚಿಕ್ಕ ಡೇಟಾಬೇಸ್ ಮಾಡೋದು ಬಿಸಿಎ ಕೊನೆ ವರ್ಷದ ಪ್ರಾಜೆಕ್ಟಿಗೆ ಸರಿಯಾದ ವಿಷಯ. ರೆಡಿಮೇಡ್ ಪ್ರಾಜೆಕ್ಟ್ ದುಡ್ಡು ಕೊಟ್ಟು ತರೋ ಬದಲು ಇದನ್ನ ಮಾಡಿದರೆ ಇಂಟರ್‌ವ್ಯೂನಲ್ಲಿ ಹೇಳೋಕೂ ಒಂದು ಮಾತಿರುತ್ತೆ.

*ಹಳೇ ಫಾಂಟಿನ ಕಡತ.* ಡಿಟಿಪಿ ಅಂಗಡಿಗಳಲ್ಲಿ ವರ್ಷಗಟ್ಟಲೆ ನುಡಿ, ಬರಹ ತಂತ್ರಾಂಶದ ಹಳೇ ಫಾಂಟಿನಲ್ಲಿ ಟೈಪ್ ಮಾಡಿದ ಕಡತಗಳಿವೆ. ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ತೆರೆದರೆ ಅರ್ಥವಿಲ್ಲದ ಗುರುತುಗಳು ಕಾಣ್ತವೆ. ಅವನ್ನ ಯುನಿಕೋಡಿಗೆ ತರೋದು ಹೇಗೆ ಅನ್ನೋದೇ ಎರಡು ಸಭೆಗಾಗುವಷ್ಟು ವಿಷಯ.

ಜಾಗ, ದಿನ, ಭಾಷೆ

*ಜಾಗ:* ಬಳ್ಳಾರಿ ನಗರದಲ್ಲಿ 1980ರಲ್ಲಿ ಶುರುವಾದ ರಾವ್ ಬಹದ್ದೂರ್ ವೈ. ಮಹಾಬಲೇಶ್ವರಪ್ಪ ಇಂಜಿನಿಯರಿಂಗ್ ಕಾಲೇಜು, 1997ರ ಬಿಐಟಿಎಂ, 2010ರಲ್ಲಿ ಸ್ಥಾಪನೆಯಾದ ವಿಜಯನಗರ ಶ್ರೀಕೃಷ್ಣದೇವರಾಯ ವಿಶ್ವವಿದ್ಯಾಲಯ ಇವೆ. ಲ್ಯಾಬ್ ಇರೋ ಯಾವ ಕಾಲೇಜನ್ನಾದರೂ ಪ್ರಾಂಶುಪಾಲರಿಗೆ ಪತ್ರ ಬರೆದು ರಜಾದಿನಕ್ಕೆ ಕೇಳಬಹುದು. ಪತ್ರದಲ್ಲಿ ಎಷ್ಟು ಜನ, ಎಷ್ಟು ಹೊತ್ತು, ಕಾಲೇಜಿನ ಕಡೆಯಿಂದ ಜವಾಬ್ದಾರಿ ಯಾರದು ಅನ್ನೋದು ಸ್ಪಷ್ಟ ಇರಲಿ. ಸಿರುಗುಪ್ಪ, ಕುರುಗೋಡು ಕಡೆ ಗ್ರಾಮ ಪಂಚಾಯಿತಿಯ ಅರಿವು ಕೇಂದ್ರಗಳು, ಅಂದ್ರೆ ಹಳೇ ಪಂಚಾಯಿತಿ ಗ್ರಂಥಾಲಯಗಳು, ಚಿಕ್ಕ ಸಭೆಗೆ ಆಗ್ತವೆ. ಹತ್ತು ಜನಕ್ಕೆ ಹಾಲ್ ಬೇಕಿಲ್ಲ. ಒಂದು ಪ್ಲಗ್ ಪಾಯಿಂಟು, ಒಂದು ಬಿಳಿ ಗೋಡೆ ಸಾಕು.

*ದಿನ:* ಸಿರುಗುಪ್ಪ ಬಳ್ಳಾರಿಯಿಂದ ಸುಮಾರು 55 ಕಿ.ಮೀ., ಕುರುಗೋಡು ಸುಮಾರು 30 ಕಿ.ಮೀ. ಬಸ್ಸಿನಲ್ಲಿ ಬಂದು ಕತ್ತಲಾಗೋ ಮೊದಲು ಮನೆ ಸೇರೋ ಹಾಗಿರಬೇಕು. ಆದ್ದರಿಂದ ಬೆಳಗ್ಗೆ 10.30ರಿಂದ ಮಧ್ಯಾಹ್ನ 1 ಗಂಟೆ ಸರಿಯಾದ ಹೊತ್ತು. ಏಪ್ರಿಲ್-ಮೇ ಬಿಸಿಲಿಗೆ ಇನ್ನೂ ಒಂದು ಗಂಟೆ ಮೊದಲೇ ಶುರು ಮಾಡೋದು ಒಳ್ಳೇದು. ‘ಎರಡನೇ ಶನಿವಾರ’ ಅಥವಾ ‘ಮೂರನೇ ಭಾನುವಾರ’ ಅಂತ ಒಂದೇ ದಿನ ಗೊತ್ತುಮಾಡಿ, ಅದನ್ನ ಬದಲಾಯಿಸಬಾರದು. 2023ರ ಜೂನ್ 11ರಿಂದ ಶಕ್ತಿ ಯೋಜನೆಯಡಿ ರಾಜ್ಯದ ಮಹಿಳೆಯರಿಗೆ ಸಾಮಾನ್ಯ ಸರ್ಕಾರಿ ಬಸ್ಸಿನಲ್ಲಿ ಟಿಕೆಟ್ ಇಲ್ಲ. ಹಾಗಾಗಿ ವಿದ್ಯಾರ್ಥಿನಿಯರಿಗೆ ಬಸ್ ಚಾರ್ಜಿನ ಚಿಂತೆ ಇಲ್ಲ. ಉಳಿಯೋದು ಹೊತ್ತಿನ ಚಿಂತೆ, ಮನೆಯವರ ಒಪ್ಪಿಗೆ. ಯಾವ ಜಾಗ, ಎಷ್ಟು ಗಂಟೆಗೆ ಮುಗಿಯುತ್ತೆ, ಜವಾಬ್ದಾರಿ ಹೊತ್ತ ಉಪನ್ಯಾಸಕರು ಯಾರು ಅಂತ ಮೊದಲೇ ತಿಳಿಸಿದರೆ ಅರ್ಧ ಸಮಸ್ಯೆ ಮುಗೀತು.

*ಭಾಷೆ:* ಬಳ್ಳಾರಿ 1953ರ ಅಕ್ಟೋಬರ್ 1ರಂದು ಮೈಸೂರು ರಾಜ್ಯಕ್ಕೆ ಸೇರಿದ ಊರು. ಅದಕ್ಕೂ ಮೊದಲು ಮದ್ರಾಸ್ ಕಡೆ ಇತ್ತು. ಕನ್ನಡದ ಜೊತೆ ತೆಲುಗು, ಉರ್ದು ಇಲ್ಲಿ ಮನೆಮಾತು. ಸಭೆ ಕನ್ನಡದಲ್ಲಿ ನಡೆದರೂ ಪ್ರಶ್ನೆ ಯಾವ ಭಾಷೆಯಲ್ಲಿ ಬಂದರೂ ಉತ್ತರ ಸಿಗಬೇಕು. ಲೂಪ್, ಫಂಕ್ಷನ್, ವೇರಿಯಬಲ್ ಅನ್ನೋ ಪದಗಳನ್ನ ಹಾಗೇ ಬಳಸಿ, ವಿವರಣೆ ಮಾತ್ರ ಕನ್ನಡದಲ್ಲಿ ಕೊಟ್ಟರೆ ಕನ್ನಡ ಮಾಧ್ಯಮದಲ್ಲಿ ಓದಿ ಬಂದವರೂ ಬಾಯಿ ಬಿಡ್ತಾರೆ. ‘ಇಂಗ್ಲಿಷ್ ಬರಲ್ಲ, ಅದಕ್ಕೆ ಕೇಳಲಿಲ್ಲ’ ಅನ್ನೋರೇ ಕ್ಲಾಸಿನಲ್ಲಿ ಹಿಂದೆ ಬೀಳೋದು.

ಲ್ಯಾಪ್‌ಟಾಪ್ ಇಲ್ಲದವರು?

ಬರಬಹುದು. ಒಂದು ಲ್ಯಾಪ್‌ಟಾಪಿಗೆ ಇಬ್ಬರು ಕೂತು, ಒಬ್ಬರು ಟೈಪ್ ಮಾಡಿ ಇನ್ನೊಬ್ಬರು ನೋಡಿ ಹೇಳೋದು ಕಂಪನಿಗಳಲ್ಲೂ ಇರೋ ಪದ್ಧತಿ. ಬ್ರೌಸರಿನಲ್ಲೇ ಪೈಥಾನ್ ಓಡಿಸೋ ಗೂಗಲ್ ಕೊಲ್ಯಾಬ್ ಮೊಬೈಲಿನಲ್ಲೂ ತೆರೆಯುತ್ತೆ. ವಿಂಡೋಸ್ ನಿಧಾನವಾಗಿ ಮೂಲೆಗೆ ಬಿದ್ದ ಹಳೇ ಕಂಪ್ಯೂಟರಿಗೆ ಹಗುರವಾದ ಲಿನಕ್ಸ್ ಹಾಕಿ ಮತ್ತೆ ಓಡಿಸೋದೇ ಒಂದು ಸಭೆಯ ವಿಷಯ ಆಗಬಹುದು. ಪೈಥಾನ್, ಲಿನಕ್ಸ್ ಎರಡಕ್ಕೂ ಲೈಸೆನ್ಸ್ ದುಡ್ಡು ಕಟ್ಟಬೇಕಿಲ್ಲ.

ಗುಂಪುಗಳು ಯಾಕೆ ನಿಲ್ತವೆ?

ಶುರು ಮಾಡೋದು ಸುಲಭ, ಆರನೇ ತಿಂಗಳು ದಾಟಿಸೋದು ಕಷ್ಟ. ಸಾಮಾನ್ಯವಾಗಿ ಹೀಗಾಗುತ್ತೆ:

- ಎಲ್ಲ ಕೆಲಸ ಒಬ್ಬರ ತಲೆ ಮೇಲೆ. ಅವರಿಗೆ ಬೆಂಗಳೂರಿನಲ್ಲಿ ಕೆಲಸ ಸಿಕ್ಕರೆ ಗುಂಪು ಅಲ್ಲಿಗೆ ಮುಗೀತು. ಮೂವರಾದರೂ ಜವಾಬ್ದಾರಿ ಹೊರಬೇಕು, ಅದರಲ್ಲಿ ಒಬ್ಬರು ಊರಲ್ಲೇ ನೆಲೆ ನಿಂತವರಾಗಿರಬೇಕು.
- ಪರೀಕ್ಷೆ ತಿಂಗಳು ಸಭೆ ಬಿಡೋದು. ಒಮ್ಮೆ ಬಿಟ್ಟರೆ ಮತ್ತೆ ಹಿಡಿಯೋದು ಕಷ್ಟ. ಐದೇ ಜನ ಬಂದರೂ ನಡೆಸಬೇಕು.
- ಸಭೆ ಜಾಹೀರಾತಿನ ವೇದಿಕೆ ಆಗೋದು. ‘ನೂರಕ್ಕೆ ನೂರು ಜಾಬ್ ಗ್ಯಾರಂಟಿ’ ಅಂತ ಕೋರ್ಸ್ ಮಾರೋರಿಗೆ ಮೈಕ್ ಕೊಟ್ಟರೆ ಕಲಿಯೋರು ಬರೋದು ಬಿಡ್ತಾರೆ. ಮೊದಲ ದಿನವೇ ನಿಯಮ ಮಾಡಬೇಕು.
- ಹೊಸಬರಿಗೆ ಜಾಗ ಇಲ್ಲದಿರೋದು. ಪ್ರತಿ ಸಭೆಯಲ್ಲೂ ಶೂನ್ಯದಿಂದ ಶುರುಮಾಡೋರಿಗೆ ಒಂದು ಮೇಜು ಇರಲಿ.
- ದೂರದವರನ್ನು ಮರೆಯೋದು. ಎಲ್ಲ ಸಭೆ ಬಳ್ಳಾರಿಯಲ್ಲೇ ಆದರೆ ಸಿರುಗುಪ್ಪದವರು ನಾಲ್ಕನೇ ತಿಂಗಳಿಗೆ ನಿಲ್ಲಿಸ್ತಾರೆ. ವರ್ಷದ 12ರಲ್ಲಿ ಎಂಟು ಬಳ್ಳಾರಿ, ಎರಡು ಸಿರುಗುಪ್ಪ, ಎರಡು ಕುರುಗೋಡು ಅಂತ ಹಂಚಿಕೊಳ್ಳಬಹುದು.

ಇನ್ನೊಂದು ಎಚ್ಚರ. ಬಂದವರ ಫೋನ್ ನಂಬರ್ ಪಟ್ಟಿ, ವಿದ್ಯಾರ್ಥಿನಿಯರ ಫೋಟೋ ಅವರನ್ನ ಕೇಳದೆ ಎಲ್ಲೂ ಹಾಕಬಾರದು. ಕಾಟ ಕೊಡೋರನ್ನ ಹೊರಗೆ ಕಳಿಸೋಕೆ ಯಾರಿಗೆ ಅಧಿಕಾರ ಅನ್ನೋದು ಮೊದಲೇ ತೀರ್ಮಾನ ಆಗಿರಬೇಕು.

ಸಾಮಾನ್ಯ ಪ್ರಶ್ನೆಗಳು

*ಎಐ ಬಂದ ಮೇಲೆ ಇದೆಲ್ಲ ಬೇಕಾ?*
ಚಾಟ್‌ಜಿಪಿಟಿ ಕೋಡ್ ಬರೆದು ಕೊಡುತ್ತೆ, ನಿಜ. ಬರೆದದ್ದು ಸರಿ ಇದೆಯಾ ಅಂತ ನೋಡೋಕೆ ಮನುಷ್ಯರೇ ಬೇಕು. ಮೇಲೆ ಹೇಳಿದ ‘ಳ’ ಅಕ್ಷರದ ಕ್ರಮ ತಪ್ಪಿದ್ದು ಕನ್ನಡ ಓದೋರ ಕಣ್ಣಿಗೇ ಮೊದಲು ಬೀಳೋದು. ಎಐ ಕೊಟ್ಟ ಕೋಡನ್ನ ಸಾಲು ಸಾಲಾಗಿ ಓದಿ ತಪ್ಪು ಹುಡುಕೋದನ್ನೇ ಸಭೆಯ ಆಟ ಮಾಡಬಹುದು.

*ಕೆಲಸ ಸಿಗುತ್ತಾ?*
ಸಭೆಗೆ ಹೋದ ಮಾತ್ರಕ್ಕೆ ಸಿಗಲ್ಲ. ಆದರೆ ಯಾವ ಕಂಪನಿಯಲ್ಲಿ ಏನು ಕೇಳ್ತಾರೆ, ಯಾವ ಕೋರ್ಸಿಗೆ ದುಡ್ಡು ಹಾಕಬಾರದು ಅನ್ನೋದು ಅನುಭವಸ್ಥರ ಬಾಯಿಂದ ಗೊತ್ತಾಗುತ್ತೆ. ತಂದೆ-ತಾಯಿ ಸಾಲ ಮಾಡಿ ಫೀಸು ಕಟ್ಟೋ ಮೊದಲು ಈ ಮಾತು ಕಿವಿಗೆ ಬಿದ್ದರೆ ಅದೇ ದೊಡ್ಡ ಉಳಿತಾಯ.

*ಸಂಘ ನೋಂದಣಿ ಮಾಡಿಸಬೇಕಾ?*
ತಿಂಗಳಿಗೊಮ್ಮೆ ಕೂತು ಕಲಿಯೋಕೆ ಬೇಕಿಲ್ಲ. ದೇಣಿಗೆ ತಗೊಂಡು ಬ್ಯಾಂಕ್ ಖಾತೆ ನಡೆಸೋ ಹಂತಕ್ಕೆ ಬಂದಾಗ ಯೋಚಿಸಿದರೆ ಸಾಕು. ಅಲ್ಲಿವರೆಗೆ ಚಹಾದ ಖರ್ಚು ಹಂಚಿಕೊಂಡು, ಲೆಕ್ಕವನ್ನ ಎಲ್ಲರೆದುರು ಹೇಳಿದರಾಯ್ತು.

*ಕಾಮರ್ಸ್, ಆರ್ಟ್ಸ್ ಓದಿದವರು ಬರಬಹುದಾ?*
ಖಂಡಿತ. ಎಕ್ಸೆಲ್‌ನಲ್ಲಿ ಫಾರ್ಮುಲಾ ಹಾಕೋಕೆ ಬಂದರೆ ಪ್ರೋಗ್ರಾಮಿಂಗಿನ ಮೊದಲ ಮೆಟ್ಟಿಲು ಹತ್ತಿದಂತೆಯೇ.

ಮೊದಲ ಸಭೆಗೆ ಬೇಕಾದದ್ದು

- ಮೂವರು ಸಂಘಟಕರು, ಒಂದು ಪಕ್ಕಾ ದಿನಾಂಕ
- ಜಾಗಕ್ಕೆ ಲಿಖಿತ ಅನುಮತಿ
- ಪ್ರೊಜೆಕ್ಟರ್, ಎರಡು ಎಕ್ಸ್‌ಟೆನ್ಶನ್ ಬೋರ್ಡ್, ಕರೆಂಟ್ ಹೋದರೆ ಮುಂದುವರಿಸೋಕೆ ಒಂದು ಬಿಳಿ ಹಲಗೆ
- ಒಂದೇ ವಿಷಯ, ಒಬ್ಬರೇ ಮಾತಾಡೋರು
- ಬಂದವರ ಪುಸ್ತಕ: ಹೆಸರು, ಊರು, ಮುಂದಿನ ಸಲ ಏನು ಬೇಕು
- ಎದ್ದು ಹೋಗೋ ಮೊದಲು ಮುಂದಿನ ತಿಂಗಳ ದಿನಾಂಕ, ಜಾಗ, ಮಾತಾಡೋರ ಹೆಸರಿನ ಘೋಷಣೆ

ಕೊನೆಯದನ್ನ ಬಹಳ ಕಡೆ ಮರೀತಾರೆ. ಮುಂದಿನ ದಿನಾಂಕ ಹೇಳದೆ ಮುಗಿದ ಮೊದಲ ಸಭೆ ಎಷ್ಟೋ ಗುಂಪುಗಳಿಗೆ ಕೊನೆಯ ಸಭೆಯೂ ಆಗುತ್ತೆ.